ಕಾವೇರಿಯ ನೀರಿನಲ್ಲಿ ಬಂಗುಡೆಯ ಹೆಸರು ಬಂದರೆ?

ಪ್ರಶ್ನೆ: ನಾನು ಶ್ರೀರಂಗಪಟ್ಟಣ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಸಮುದ್ರದಿಂದ ಒಂದು ಬಾಟಲಿ ನೀರು ತಂದು, ಅದರಲ್ಲಿರುವ ಡಿಎನ್‌ಎ ನೋಡಿ ಅಲ್ಲಿ ಯಾವ ಯಾವ ಮೀನುಗಳಿವೆ ಎಂದು ಈಗ ಹೇಳುತ್ತಾರಂತೆ ಎಂದು ತರಗತಿಯಲ್ಲಿ ಹೇಳಿದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ತಾಯಿ ಮೀನು ಮಾರುತ್ತಾರೆ. “ಮಿಸ್, ನಮ್ಮಮ್ಮ ಬಂಗುಡೆ ತೊಳೆದ ನೀರು ಮೋರಿಯಿಂದ ಹೊಳೆಗೆ ಹೋಗುತ್ತದೆ. ಹಾಗಾದರೆ ಕಾವೇರಿಯಲ್ಲೂ ಬಂಗುಡೆ ಇದೆ ಎಂದು ಬರುತ್ತದೆಯೇ?” ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಈ ವಿಧಾನವನ್ನು ಎಷ್ಟರ ಮಟ್ಟಿಗೆ ನಂಬಬಹುದು? ಎಷ್ಟು ಮೀನುಗಳಿವೆ ಎಂಬ ಲೆಕ್ಕವೂ ಸಿಗುತ್ತದೆಯೇ? ನಮ್ಮ ಹೊಳೆಗೂ ಇದು ಒದಗುತ್ತದೆಯೇ?

ಉತ್ತರ: ಆ ಹುಡುಗಿಗೆ ಮೊದಲು ಇಷ್ಟು ಹೇಳಿ: ಬರುತ್ತದೆ. ಅವಳ ತಾಯಿ ಬಂಗುಡೆ ತೊಳೆದ ನೀರು ಹೊಳೆ ಸೇರಿ, ಅಲ್ಲಿಂದ ಸ್ವಲ್ಪ ಕೆಳಗೆ ನಾವು ಬಾಟಲಿ ತುಂಬಿಕೊಂಡರೆ, ಪ್ರಯೋಗಾಲಯದ ಪಟ್ಟಿಯಲ್ಲಿ ಬಂಗುಡೆಯ ಹೆಸರು ಕಾಣಿಸಿಕೊಳ್ಳುವ ಸಾಧ್ಯತೆ ಚೆನ್ನಾಗಿಯೇ ಇದೆ. ಯಂತ್ರ ತಪ್ಪಿರುವುದಿಲ್ಲ, ನೀರೂ ಸುಳ್ಳು ಹೇಳಿರುವುದಿಲ್ಲ. ಬಂಗುಡೆಯ ಡಿಎನ್‌ಎ ಆ ನೀರಿನಲ್ಲಿ ನಿಜವಾಗಿಯೂ ಇತ್ತು, ಬಂಗುಡೆ ಮಾತ್ರ ಇರಲಿಲ್ಲ. ಈ ಎರಡು ಮಾತುಗಳ ನಡುವೆ ಎಷ್ಟು ದೂರವಿದೆ ಎಂದು ಅಳೆಯುವುದರಲ್ಲೇ ನಮ್ಮ ಕೆಲಸದ ಮುಕ್ಕಾಲು ಪಾಲು ಕಳೆಯುತ್ತದೆ. ಹದಿನಾಲ್ಕು ವರ್ಷದ ಹುಡುಗಿ ನೇರವಾಗಿ ಅಲ್ಲಿಗೇ ಕೈ ಹಾಕಿದ್ದಾಳೆ. ಅವಳ ಬೆನ್ನು ತಟ್ಟಿ.

ಅವಳು ಊಹಿಸಿದ್ದು ಜಪಾನಿನಲ್ಲಿ ನಡೆದೇ ಹೋಗಿದೆ. ಅಲ್ಲಿನ ಮೈಜುರು ಕೊಲ್ಲಿಯಲ್ಲಿ ಕುದುರೆ ಬಂಗುಡೆಯ ಜಾತಿಯ ಒಂದು ಮೀನು ಎಲ್ಲೆಲ್ಲಿ ಎಷ್ಟೆಷ್ಟಿದೆ ಎಂದು ನೀರಿನ ಡಿಎನ್‌ಎ ಮೂಲಕ ಅಂದಾಜು ಮಾಡಲು ಹೊರಟರು. ಒಂದು ಕಡೆ ಡಿಎನ್‌ಎ ಪ್ರಮಾಣ ವಿಪರೀತವಾಗಿ ಸಿಕ್ಕಿತು. ಹುಡುಕಿದರೆ ದಡದಲ್ಲಿ ಸಗಟು ಮೀನು ಮಾರುಕಟ್ಟೆಯಿತ್ತು. ಅದರ ಪ್ರಭಾವವನ್ನು ಲೆಕ್ಕದಿಂದ ತೆಗೆದ ಮೇಲೆ, ದೋಣಿಯಿಂದ ಶಬ್ದದ ಅಲೆ ಕಳುಹಿಸಿ ಪ್ರತಿಧ್ವನಿಯಿಂದ ಅಳೆದ ಮೀನಿನ ಪ್ರಮಾಣಕ್ಕೂ ನೀರಿನ ಡಿಎನ್‌ಎಗೂ ಇನ್ನಷ್ಟು ಚೆನ್ನಾಗಿ ತಾಳೆಯಾಯಿತು. ಆ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ನಿಮ್ಮ ವಿದ್ಯಾರ್ಥಿನಿ ಶ್ರೀರಂಗಪಟ್ಟಣದಲ್ಲಿ ಕುಳಿತು ಅದೇ ಮಾರುಕಟ್ಟೆಯನ್ನು ಕಂಡಿದ್ದಾಳೆ.

ಈಗ ಮೊದಲಿನಿಂದ ಹೇಳುತ್ತೇನೆ. ಜೀವಂತ ಜಿಲೇಬಿ ಮೀನನ್ನು ಕೈಯಲ್ಲಿ ಹಿಡಿದವರಿಗೆ ಗೊತ್ತು, ಮೀನು ಜಾರಿ ಹೋದ ಮೇಲೂ ಅಂಗೈಗೆ ಲೋಳೆ ಅಂಟಿಕೊಂಡಿರುತ್ತದೆ. ನೀರಿನಲ್ಲಿರುವಾಗಲೂ ಮೀನು ಆ ಲೋಳೆಯನ್ನು ಬಿಡುತ್ತಲೇ ಇರುತ್ತದೆ. ಜೊತೆಗೆ ಉದುರಿದ ಚರ್ಮದ ಕೋಶಗಳು, ಹುರುಪೆಯ ಚೂರು, ಮಲ, ಮೊಟ್ಟೆ ಇಡುವ ಕಾಲದಲ್ಲಿ ಮೊಟ್ಟೆ ಮತ್ತು ವೀರ್ಯ. ಇವೆಲ್ಲದರಲ್ಲೂ ಆ ಮೀನಿನ ಡಿಎನ್‌ಎ ಇರುತ್ತದೆ. ಹೀಗೆ ಪ್ರಾಣಿಯನ್ನು ಮುಟ್ಟದೆ, ಅದು ಬಿಟ್ಟುಹೋದದ್ದರಿಂದ ಸಿಗುವ ಡಿಎನ್‌ಎಗೆ ಪರಿಸರ ಡಿಎನ್‌ಎ ಎನ್ನುತ್ತೇವೆ.

ನೀರು ತಂದ ಮೇಲೆ ಸೋಸುವುದು ಮೊದಲ ಕೆಲಸ. ನಿಪ್ಪಟ್ಟಿಗಿಂತ ಚಿಕ್ಕದಾದ ಒಂದು ಬಿಳಿ ಹಾಳೆ. ಅದರ ರಂಧ್ರಗಳು ಹೆಚ್ಚಾಗಿ 0.45 ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಅದೆಷ್ಟು ಸಣ್ಣದು ಎಂದು ಮಕ್ಕಳಿಗೆ ಅಂದಾಜಾಗುತ್ತದೆ. ಒಂದು ಲೀಟರ್ ಸಮುದ್ರದ ನೀರು ಅದರ ಮೂಲಕ ಇಳಿದಾಗ ಬಿಳಿ ಹಾಳೆಯ ಮೇಲೆ, ಟೀ ಸೋಸಿದ ಬಟ್ಟೆಯಲ್ಲಿ ಉಳಿಯುವಂಥ ಒಂದು ತೆಳು ಕಂದು ಕಲೆ ಉಳಿಯುತ್ತದೆ. ಆ ಕಲೆಯಲ್ಲಿ ಪಾಚಿ, ಬ್ಯಾಕ್ಟೀರಿಯಾ, ಮಣ್ಣು ಎಲ್ಲವೂ ಇರುತ್ತವೆ. ಮೀನಿನ ಪಾಲು ಅದರಲ್ಲಿ ಬಹಳ ಕಡಿಮೆ.

ಆ ಸ್ವಲ್ಪವನ್ನು ಹುಡುಕಿ ಹೆಚ್ಚಿಸಲು ಪಿಸಿಆರ್ ಬೇಕು. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲೂ ಇದ್ದ ಅದೇ ಪರೀಕ್ಷೆ. ಒಂದು ಸುತ್ತು ಮುಗಿದರೆ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಎಲ್ಲವೂ ಸರಿಯಾಗಿ ನಡೆದರೆ ಮೂವತ್ತು ಸುತ್ತುಗಳಲ್ಲಿ ಒಂದೇ ತುಣುಕು ನೂರು ಕೋಟಿ ದಾಟುತ್ತದೆ. ಇದೇ ಇದರ ಬಲ, ಇದೇ ಇದರ ಅಪಾಯ. ಬೇಕಾದದ್ದು ಹೇಗೆ ಬೆಳೆಯುತ್ತದೆಯೋ ಕಣ್ತಪ್ಪಿ ಬಂದದ್ದೂ ಹಾಗೆಯೇ ಬೆಳೆಯುತ್ತದೆ.

ಮೀನಿನ ಡಿಎನ್‌ಎಯನ್ನೇ ಆರಿಸಿಕೊಳ್ಳುವುದು ಹೇಗೆ? ನಮ್ಮ ಕಡೆಯ ಮದುವೆ ಪತ್ರಿಕೆಗಳನ್ನು ನೆನಪಿಸಿಕೊಳ್ಳಿ. ಮೇಲೆ ದೇವರ ಹೆಸರು, ಕೆಳಗೆ “ತಮ್ಮ ಆಗಮನಾಭಿಲಾಷಿಗಳು”. ಈ ಎರಡು ಸಾಲು ಯಾರ ಮನೆಯ ಪತ್ರಿಕೆಯಲ್ಲೂ ಹೆಚ್ಚುಕಡಿಮೆ ಒಂದೇ. ವಧು ಯಾರು, ವರ ಯಾರು ಎಂಬುದು ನಡುವೆ ಇರುತ್ತದೆ. ಮೀನುಗಳ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಡಿಎನ್‌ಎಯಲ್ಲಿ 12ಎಸ್ ಎಂಬ ಭಾಗದಲ್ಲಿ ಇಂಥದೇ ಒಂದು ತುಣುಕಿದೆ. ಅದರ ಎರಡು ತುದಿಗಳು ಬಹುತೇಕ ಎಲ್ಲ ಮೀನುಗಳಲ್ಲೂ ಒಂದೇ ರೀತಿ, ನಡುವಿನ ಸುಮಾರು 170 ಅಕ್ಷರಗಳು ಜಾತಿಯಿಂದ ಜಾತಿಗೆ ಬೇರೆ. ತುದಿಗಳನ್ನು ಹಿಡಿದರೆ ನಡುವಿನದ್ದನ್ನು ಓದಬಹುದು. ಜಪಾನಿನ ತಂಡವೊಂದು 2015ರಲ್ಲಿ ಹೀಗೆ ತುದಿ ಹಿಡಿಯುವ ಪ್ರೈಮರ್ ಎಂಬ ಚಿಕ್ಕ ಡಿಎನ್‌ಎ ಚೂರುಗಳನ್ನು ರೂಪಿಸಿ ಅವಕ್ಕೆ ಮಿಫಿಶ್ ಎಂದು ಹೆಸರಿಟ್ಟಿತು. ಇಂದು ಜಗತ್ತಿನ ಅನೇಕ ಕಡೆ ಇವೇ ಬಳಕೆಯಲ್ಲಿವೆ. ಮೈಟೊಕಾಂಡ್ರಿಯವನ್ನು ಆರಿಸಲು ಕಾರಣ ಸರಳ: ಒಂದು ಕೋಶದಲ್ಲಿ ಅದರ ಪ್ರತಿಗಳು ನೂರಾರು, ಸಾವಿರಾರು ಇರುತ್ತವೆ, ಆದ್ದರಿಂದ ನೀರಿನಲ್ಲಿ ಅಳಿದುಳಿದವಾದರೂ ಸಿಗುತ್ತವೆ.

ಇಷ್ಟೆಲ್ಲ ನಿಜವಾಗಿ ಕೆಲಸ ಮಾಡುತ್ತದೆಯೇ? ಮಾಡುತ್ತದೆ, ಅದೂ ಬೆರಗಾಗುವಷ್ಟು. 2008ರಲ್ಲಿ ಫ್ರಾನ್ಸ್‌ನ ಕೊಳಗಳಲ್ಲಿ ಹೊರಗಿನಿಂದ ಬಂದು ಸೇರಿದ್ದ ಅಮೆರಿಕದ ಬುಲ್‌ಫ್ರಾಗ್ ಕಪ್ಪೆಯನ್ನು ಬರೀ ನೀರಿನಿಂದ ಪತ್ತೆ ಹಚ್ಚಿದರು. ಕೊಳದಲ್ಲಾದರೆ ಸರಿ, ಅಷ್ಟು ದೊಡ್ಡ ಸಮುದ್ರದಲ್ಲಿ ಏನು ಸಿಕ್ಕೀತು ಎಂದು ಆಗ ಅನೇಕರು ಅನುಮಾನಪಟ್ಟರು. 2012ರಲ್ಲಿ ಡೆನ್ಮಾರ್ಕಿನವರು ತಮ್ಮ ಕರಾವಳಿಯಲ್ಲಿ ಅರ್ಧರ್ಧ ಲೀಟರ್ ನೀರು ತೆಗೆದು 15 ಜಾತಿಯ ಮೀನುಗಳನ್ನು ಗುರುತಿಸಿದರು. ಬಲೆ, ಗಾಳ, ಮುಳುಗಿ ನೋಡುವುದು ಮುಂತಾದ ಹಳೆಯ ಒಂಬತ್ತು ವಿಧಾನಗಳ ಪಕ್ಕದಲ್ಲಿಟ್ಟು ನೋಡಿದರೆ ಬಾಟಲಿಯ ನೀರು ಯಾವುದಕ್ಕೂ ಕಡಿಮೆಯಾಗಲಿಲ್ಲ. ಮಿಫಿಶ್ ತಂಡ ಒಕಿನಾವಾದ ದೊಡ್ಡ ಮತ್ಸ್ಯಾಲಯದ ನಾಲ್ಕು ತೊಟ್ಟಿಗಳಲ್ಲಿ ಪರೀಕ್ಷೆ ಮಾಡಿತು. ತೊಟ್ಟಿಯಲ್ಲಿ ಏನಿದೆ ಎಂದು ಮೊದಲೇ ಗೊತ್ತಿರುವುದರಿಂದ ಇದು ಬಹಳ ಪ್ರಾಮಾಣಿಕವಾದ ಪರೀಕ್ಷೆ. ಹೋಲಿಸಿ ನೋಡಲು ಡಿಎನ್‌ಎ ಮಾಹಿತಿ ಇದ್ದ 180 ಜಾತಿಗಳಲ್ಲಿ 168 ಸಿಕ್ಕವು. 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಅದೇ ಮೈಜುರು ಕೊಲ್ಲಿಯ 47 ಜಾಗಗಳಲ್ಲಿ ಒಂದೇ ದಿನ ತೆಗೆದ ನೀರಿನಿಂದ 128 ಜಾತಿಯ ಮೀನುಗಳ ಪಟ್ಟಿ ತಯಾರಾಯಿತು. ಮುಳುಗುಗಾರರು ವರ್ಷಗಟ್ಟಲೆ ನೋಡಿದರೂ ಕಣ್ಣಿಗೆ ಬೀಳದಿದ್ದ ಹಲವು ಮೀನುಗಳು ಅದರಲ್ಲಿದ್ದವು.

ನಮ್ಮ ಕರಾವಳಿಗೆ ಇದು ಏಕೆ ಬೇಕು ಎಂಬುದನ್ನೂ ಹೇಳಬೇಕು. ನಮ್ಮ ಸಮುದ್ರದಲ್ಲಿ ಏನಿದೆ ಎಂಬ ತಿಳಿವಳಿಕೆ ಬಹುಪಾಲು ಬಂದರಿನಿಂದ ಬಂದದ್ದು. 1947ರಲ್ಲಿ ಆರಂಭವಾದ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಸಿಬ್ಬಂದಿ ದೋಣಿಗಳು ಮೀನು ಇಳಿಸುವ ಜಾಗಕ್ಕೆ ಹೋಗಿ, ಬಂದ ಮೀನನ್ನು ಕ್ರಮಬದ್ಧವಾಗಿ ಲೆಕ್ಕ ಹಾಕುತ್ತ ಬಂದಿದ್ದಾರೆ. ಅದು ಅಮೂಲ್ಯವಾದ ದಾಖಲೆ. ಆದರೆ ಬಲೆಗೆ ಬೀಳದ್ದು, ಬೆಲೆ ಇಲ್ಲವೆಂದು ಕಡಲಿಗೇ ಎಸೆದದ್ದು, ಬಂಡೆಯ ಸಂದಿಯಲ್ಲಿ ಬದುಕುವಂಥದ್ದು ಅದರಲ್ಲಿ ಬರುವುದಿಲ್ಲ. ಮುರುಡೇಶ್ವರದ ಆಚೆಯ ನೇತ್ರಾಣಿಯ ಹವಳದ ಬಂಡೆಗಳಲ್ಲಿ ಬೆರಳುದ್ದದ ಎಷ್ಟೋ ಮೀನುಗಳಿವೆ. ಅವು ಯಾವ ಬುಟ್ಟಿಗೂ ಬರುವುದಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅನೇಕ ಮೀನುಗಳು ಮರಿ ಮಾಡುವ ಆ 61 ದಿನ ಬಂದರಿನ ಲೆಕ್ಕ ತೆಳುವಾಗಿಬಿಡುತ್ತದೆ. ನೀರಿಗೆ ರಜೆಯಿಲ್ಲ. ಅಲೆ ತಗ್ಗಿದ ಒಂದು ಬೆಳಿಗ್ಗೆ ನಾಲ್ಕು ಬಾಟಲಿ ತುಂಬಿಕೊಂಡು ಬಂದರೆ ಸಾಕು, ಒಂದು ಮೀನನ್ನೂ ಕೊಲ್ಲದೆ ಆ ಕಾಲದ ಮಾಹಿತಿ ಸಿಗುತ್ತದೆ.

ಹಾಗೆಂದು ಇದನ್ನು ಕುರುಡಾಗಿ ನಂಬುವಂತಿಲ್ಲ. ನಾನು ಈ ಪಾಠ ಕಲಿತದ್ದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಹಿಂದೆ ಉಡುಪಿ ಕಡೆಯ ಕಡಲಿನಲ್ಲಿ ನಾವು ಹನ್ನೆರಡು ಬಾಟಲಿ ನೀರು ತೆಗೆದೆವು. ಜೊತೆಗೆ ಹದಿಮೂರನೆಯ ಬಾಟಲಿಯೂ ಇತ್ತು. ಅದರಲ್ಲಿ ಪ್ರಯೋಗಾಲಯದಿಂದ ಒಯ್ದ ಶುದ್ಧ ನೀರು. ಅದನ್ನೂ ದೋಣಿಯಲ್ಲಿ ತೆರೆದು, ಸುರಿದು, ಮುಚ್ಚಿ, ಉಳಿದವುಗಳ ಜೊತೆಗೇ ಪೆಟ್ಟಿಗೆಯಲ್ಲಿಟ್ಟು ಮೈಸೂರಿಗೆ ತಂದೆವು. ಅದರಲ್ಲಿ ಏನೂ ಸಿಗಬಾರದು. ಫಲಿತಾಂಶ ಬಂದಾಗ ಹದಿಮೂರನೆಯ ಬಾಟಲಿಯಲ್ಲಿ ಬಂಗುಡೆ ಇತ್ತು, ಬೂತಾಯಿ ಇತ್ತು, ಕಡಲಿನಲ್ಲಿ ಬದುಕದ ರೋಹು ಕೂಡ ಇತ್ತು. ಹಿಂದೆ ಹೋಗಿ ವಿಚಾರಿಸಿದಾಗ ತಿಳಿಯಿತು: ಮಂಜುಗಡ್ಡೆ ಕಡಿಮೆಯಾಯಿತೆಂದು ದಾರಿಯಲ್ಲಿ ಮೀನು ಸಾಗಿಸುವ ಥರ್ಮಾಕೋಲ್ ಪೆಟ್ಟಿಗೆಯೊಂದನ್ನು ಕೇಳಿ ತಂದಿದ್ದೆವು. ಚೆನ್ನಾಗಿ ತೊಳೆದಿದ್ದೆವು. ವಾಸನೆಯೂ ಇರಲಿಲ್ಲ. ಉಳಿದ ಹನ್ನೆರಡು ಬಾಟಲಿಗಳ ಪಟ್ಟಿ ಎಷ್ಟು ಸೊಗಸಾಗಿತ್ತೆಂದರೆ, ಹದಿಮೂರನೆಯದು ಇಲ್ಲದಿದ್ದರೆ ಅದನ್ನೇ ಸತ್ಯವೆಂದು ಬರೆದುಬಿಡುತ್ತಿದ್ದೆವು. ಆ ಪ್ರವಾಸದ ಎಲ್ಲ ಫಲಿತಾಂಶವನ್ನೂ ಕೈಬಿಟ್ಟೆವು. ಮೂರು ದಿನ ವಾಂತಿ ಮಾಡಿಕೊಂಡು ದೋಣಿಯಲ್ಲಿ ನಿಂತಿದ್ದ ವಿದ್ಯಾರ್ಥಿನಿಗೆ ಅದನ್ನು ಹೇಳುವುದು ಬಹಳ ಕಷ್ಟವಾಯಿತು. ಈಗ ಯಾರಾದರೂ ಪರಿಸರ ಡಿಎನ್‌ಎಯ ಫಲಿತಾಂಶ ತಂದು ತೋರಿಸಿದರೆ ನಾನು ಮೀನಿನ ಹೆಸರುಗಳನ್ನು ಆಮೇಲೆ ನೋಡುತ್ತೇನೆ. ಖಾಲಿ ಬಾಟಲಿಯಲ್ಲಿ ಏನು ಬಂತು ಎಂದು ಮೊದಲು ಕೇಳುತ್ತೇನೆ. ನೀವೂ ಹಾಗೆಯೇ ಕೇಳಿ.

ಎಷ್ಟು ಮೀನುಗಳಿವೆ ಎಂಬ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಜಿಪುಣತನದ್ದು. ಒಂದೇ ಜಾತಿಯನ್ನು ಗುರಿಯಿಟ್ಟು ಅಳೆದರೆ, ಪ್ರವಾಹ ಮತ್ತು ತಾಪಮಾನದ ಲೆಕ್ಕ ಸೇರಿಸಿದರೆ, ಹೆಚ್ಚು ಕಡಿಮೆ ಎಂಬ ಅಂದಾಜು ಸಿಗಬಹುದು. ಎಲ್ಲ ಜಾತಿಗಳನ್ನೂ ಒಟ್ಟಿಗೆ ಓದುವಾಗ ಬರುವ ಅಂಕಿಗಳನ್ನು ಮೀನಿನ ಸಂಖ್ಯೆ ಎಂದು ತಿಳಿಯಬಾರದು. ಪ್ರೈಮರ್‌ಗಳು ಕೆಲವು ಮೀನುಗಳನ್ನು ಬೇಗ ಹಿಡಿಯುತ್ತವೆ, ಕೆಲವನ್ನು ನಿಧಾನವಾಗಿ. ಒಂದು ದೊಡ್ಡ ಅಂಜಲ್ ಹತ್ತಿರ ಹಾದುಹೋಗಿದ್ದೂ ನೂರು ಸಣ್ಣ ಮೀನು ದೂರದಲ್ಲಿ ಇದ್ದದ್ದೂ ಒಂದೇ ರೀತಿ ಕಾಣಬಹುದು. ಗಂಡೋ ಹೆಣ್ಣೋ, ಮರಿಯೋ ಬಲಿತದ್ದೋ, ಹೊಟ್ಟೆಯಲ್ಲಿ ಮೊಟ್ಟೆ ಇದೆಯೋ ಇಲ್ಲವೋ ಎಂಬುದನ್ನು ಇದು ಹೇಳುವುದಿಲ್ಲ. ಅದಕ್ಕೆ ಮೀನನ್ನೇ ಕೈಯಲ್ಲಿ ಹಿಡಿಯಬೇಕು.

ಹೆಸರಿನ ತೊಡಕೂ ಇದೆ. ಮದುವೆ ಪತ್ರಿಕೆಯ ನಡುವಿನ ಹೆಸರು ಓದಿದರೂ ಆ ಮನೆ ಯಾರದೆಂದು ಊರಿನಲ್ಲಿ ಯಾರಿಗಾದರೂ ಗೊತ್ತಿರಬೇಕಲ್ಲವೇ? ಹಾಗೆಯೇ ಓದಿದ ಅಕ್ಷರಗಳನ್ನು ಹೋಲಿಸಲು, ನಿಜವಾದ ಮೀನಿನಿಂದ ತೆಗೆದ ಡಿಎನ್‌ಎಯ ಸಂಗ್ರಹ ಬೇಕು. ಆ ಸಂಗ್ರಹದಲ್ಲಿ ಒಂದು ಮೀನು ಇಲ್ಲದಿದ್ದರೆ ಅದು ಅನಾಮಧೇಯವಾಗಿ ಉಳಿಯುತ್ತದೆ, ಇಲ್ಲವೇ ಹತ್ತಿರದ ನೆಂಟನ ಹೆಸರಿನಲ್ಲಿ ಬರುತ್ತದೆ. ಹೊಳೆಗಳ ಸಣ್ಣ ಮೀನುಗಳ ವಿಷಯದಲ್ಲಿ ಈ ಕೊರತೆ ನನ್ನ ಕೆಲಸದಲ್ಲಿ ಮತ್ತೆ ಮತ್ತೆ ಎದುರಾಗಿದೆ. ಸಂಗ್ರಹ ತುಂಬಿದ್ದರೂ ಕೆಲವು ಜಾತಿಗಳು ಬಿಡಿಸಿಕೊಳ್ಳುವುದಿಲ್ಲ. ಟ್ಯೂನಾ ಮೀನುಗಳ ಕೆಲವು ಜಾತಿಗಳಲ್ಲಿ ಆ 170 ಅಕ್ಷರಗಳು ಒಂದನ್ನೊಂದು ಬೇರ್ಪಡಿಸುವಷ್ಟು ಭಿನ್ನವಾಗಿಲ್ಲ. ಮೀನನ್ನು ಕೈಯಲ್ಲಿ ಹಿಡಿದು, ರೆಕ್ಕೆಯ ಮುಳ್ಳೆಣಿಸಿ ಇದು ಇಂಥದ್ದೇ ಎಂದು ಹೇಳಬಲ್ಲ ಹಳೆಯ ಕಾಲದ ಪರಿಣತರು ಇಲ್ಲದೆ ನಮ್ಮ ಯಂತ್ರಗಳು ಒಂದು ಹೆಜ್ಜೆಯೂ ಮುಂದಿಡಲಾರವು. ಅವರ ಸಂಖ್ಯೆ ಕಡಿಮೆಯಾಗುತ್ತಿರುವುದು ನನಗೆ ನಿಜವಾದ ಚಿಂತೆ.

ಈಗ ಕಾವೇರಿಗೆ ಬರೋಣ. ಸಮುದ್ರದಲ್ಲಿ ಡಿಎನ್‌ಎ ಎಲ್ಲ ದಿಕ್ಕಿಗೂ ಹರಡುತ್ತದೆ. ಬಿಸಿಲು, ಶಾಖ, ಬ್ಯಾಕ್ಟೀರಿಯಾ ಸೇರಿ ಕೆಲವೇ ದಿನಗಳಲ್ಲಿ ಅದನ್ನು ಚೂರುಚೂರು ಮಾಡುತ್ತವೆ. ಹೊಳೆಯಲ್ಲಿ ಅದು ಒಂದೇ ದಿಕ್ಕಿಗೆ ಪ್ರಯಾಣ ಮಾಡುತ್ತದೆ. ಸ್ವಿಟ್ಜರ್ಲೆಂಡಿನ ಒಂದು ಹೊಳೆಯಲ್ಲಿ, ಸರೋವರದಲ್ಲಿ ಮಾತ್ರ ಇದ್ದ ಜೀವಿಗಳ ಡಿಎನ್‌ಎ ಸುಮಾರು 12 ಕಿಲೋಮೀಟರ್ ಕೆಳಗಿನವರೆಗೂ ಸಿಕ್ಕಿತ್ತು. ಹೀಗಿರುವಾಗ ಕೆಆರ್‌ಎಸ್ ಹಿನ್ನೀರಿನ ಮೀನು ಅಣೆಕಟ್ಟೆ ಇಳಿಯದಿದ್ದರೂ ಅದರ ಗುರುತು ರಂಗನತಿಟ್ಟಿನ ಕಡೆಗೆ ತೇಲಿ ಬರಬಹುದು. ಮಳೆಗಾಲದಲ್ಲಿ ಕೆಂಪು ನೀರು ಬಂದರೆ ಇನ್ನೊಂದು ತೊಂದರೆ. ಒಂದು ಲೋಟ ನೀರು ಇಳಿಯುವಷ್ಟರಲ್ಲಿ ಸೋಸುವ ಹಾಳೆ ಕಟ್ಟಿಕೊಳ್ಳುತ್ತದೆ, ಮಣ್ಣಿನಲ್ಲಿರುವ ಆಮ್ಲಗಳು ಪಿಸಿಆರ್ ನಡೆಯದಂತೆ ತಡೆಯುತ್ತವೆ. ಆಗ ಏನೂ ಸಿಗಲಿಲ್ಲ ಎಂದರೆ ಮೀನು ಇಲ್ಲ ಎಂದರ್ಥವಲ್ಲ.

ಮಂಡ್ಯ ಜಿಲ್ಲೆಯವರಾದ ನಿಮಗೆ ಇನ್ನೊಂದು ಉದಾಹರಣೆ ಸುಲಭವಾಗಿ ಅರ್ಥವಾಗುತ್ತದೆ. ಕೊಕ್ಕರೆ ಬೆಳ್ಳೂರಿನಲ್ಲಿ ಹುಣಸೆ ಮರದ ಕೆಳಗೆ ನಿಂತವರಿಗೆ ಹೆಜ್ಜಾರ್ಲೆಗಳ ಹಿಕ್ಕೆ ಹೇಗೆ ಸುಣ್ಣ ಬಳಿದಂತೆ ಬಿದ್ದಿರುತ್ತದೆ ಎಂದು ಗೊತ್ತು. ಅವು ಮೀನು ತಿನ್ನುವುದು ಒಂದು ಕೆರೆಯಲ್ಲಿ, ಹಿಕ್ಕೆ ಹಾಕುವುದು ಇನ್ನೊಂದು ಊರಿನ ಮರದಲ್ಲಿ. ಮಳೆ ಬಂದರೆ ಅದೆಲ್ಲ ತೊಳೆದು ಶಿಂಷಾ ಸೇರುತ್ತದೆ. ಹಕ್ಕಿಯ ಹೊಟ್ಟೆ ದಾಟಿ ಬಂದ ಮೇಲೂ ಮೀನಿನ ಡಿಎನ್‌ಎ ಸಿಗುತ್ತದೆ. ಅಮೆರಿಕದ ಷಿಕಾಗೊದಲ್ಲಿ ಇದೇ ವಿಷಯ ದೊಡ್ಡ ವಿವಾದವಾಯಿತು. ನಮ್ಮ ರೈತರು ಕೆರೆಗೆ ಬಿಡುವ ಸಿಲ್ವರ್ ಕಾರ್ಪ್ ಅಲ್ಲಿ ಹೊಳೆಗಳನ್ನು ಆಕ್ರಮಿಸಿದೆ. ಅದು ಮಹಾ ಸರೋವರಗಳಿಗೆ ನುಗ್ಗದಂತೆ ಕಾಲುವೆಯಲ್ಲಿ ವಿದ್ಯುತ್ ತಡೆ ಹಾಕಿದ್ದಾರೆ. ತಡೆಯ ಆಚೆಗೂ ಅದರ ಡಿಎನ್‌ಎ ಸಿಕ್ಕಿತು. ಮೀನೇ ದಾಟಿತೋ, ಹಕ್ಕಿಯ ಹಿಕ್ಕೆಯೋ, ದೋಣಿಗೆ ಅಂಟಿದ್ದೋ, ಚರಂಡಿಯಿಂದ ಬಂದದ್ದೋ ಎಂದು ಒಂದೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕಾಯಿತು. ನಿಮ್ಮ ವಿದ್ಯಾರ್ಥಿನಿಯ ಮೋರಿ ಅಲ್ಲಿಯೂ ಇತ್ತು.

ಇಷ್ಟು ಎಚ್ಚರಿಕೆ ಹೇಳಿದ ಮೇಲೂ, ಕಾವೇರಿಗೆ ಇದು ಬೇಕೇ ಬೇಕು ಎನ್ನುತ್ತೇನೆ. ಬಿಳಿ ಮೀನನ್ನೇ, ಅಂದರೆ ಮಹಶೀರನ್ನೇ ತೆಗೆದುಕೊಳ್ಳಿ. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡ್, ಅಂದರೆ 54 ಕಿಲೋ ತೂಗುವ ಬಿಳಿ ಮೀನನ್ನು ಗಾಳ ಹಾಕಿ ಹಿಡಿದಿದ್ದರು. ಡುಬ್ಬದ ಬಿಳಿ ಮೀನು ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅಷ್ಟು ಹೆಸರುವಾಸಿಯಾದ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗಟ್ಟಿಯಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಜಾತಿಗಳ ಪಟ್ಟಿಗೂ ಸೇರಿತು. ಬಂಡೆಗಳ ನಡುವಿನ ಆಳವಾದ ಮಡುಗಳಲ್ಲಿ ಇರುವ, ಬೆರಳೆಣಿಕೆಯಷ್ಟು ಉಳಿದಿರುವ ಮೀನನ್ನು ಬಲೆ ಹಾಕಿ ಹುಡುಕುವುದೇ ಅದಕ್ಕೆ ಅಪಾಯ. ಒಂದು ಬಾಟಲಿ ನೀರು ಅದನ್ನು ನೋಯಿಸುವುದಿಲ್ಲ. ಆದರೆ ಇಲ್ಲಿಯೂ ಒಂದು ಮಿತಿ ಇದೆ. ಹೊರಗಿನಿಂದ ತಂದು ಕಾವೇರಿಗೆ ಬಿಟ್ಟ ನೀಲಿ ರೆಕ್ಕೆಯ ಬಿಳಿ ಮೀನು ಇದರ ಜೊತೆ ಬೆರೆತು ಮರಿ ಮಾಡಿದರೆ, ಆ ಮರಿ ತಾಯಿಯ ಹೆಸರಿನಲ್ಲಿ ಮಾತ್ರ ಕಾಣಿಸುತ್ತದೆ. ಮೈಟೊಕಾಂಡ್ರಿಯ ತಾಯಿಯಿಂದಲೇ ಬರುವುದರಿಂದ ತಂದೆ ಯಾರೆಂದು ಆ ತುಣುಕು ಹೇಳಲಾರದು.

ಸಮುದ್ರಕ್ಕೂ ನಿಮ್ಮೂರಿಗೂ ನೇರ ನಂಟಿರುವ ಮೀನೂ ಒಂದಿದೆ. ಹಾವು ಮೀನು. ಅದು ಹುಟ್ಟುವುದು ಸಮುದ್ರದಲ್ಲಿ, ಬೆಳೆಯುವುದು ಹೊಳೆಯಲ್ಲಿ, ಮೊಟ್ಟೆ ಇಡಲು ಮತ್ತೆ ಸಮುದ್ರಕ್ಕೆ. ಬಂಗಾಳ ಕೊಲ್ಲಿಯಿಂದ ಹೊರಟ ಬೆರಳುದ್ದದ ಮರಿಗೆ ದಾರಿಯಲ್ಲಿ 1934ರ ಮೆಟ್ಟೂರು ಅಣೆಕಟ್ಟು ಅಡ್ಡ ಬರುತ್ತದೆ, ಅದರ ಮೇಲೆ ಇನ್ನೂ ಕಟ್ಟೆಗಳು. ಯಾವ ಕಟ್ಟೆಯವರೆಗೆ ಅದು ಇನ್ನೂ ಬರುತ್ತಿದೆ ಎಂದು ತಿಳಿಯಲು ಪ್ರತಿ ಕಟ್ಟೆಯ ಕೆಳಗೆ ಒಂದು, ಮೇಲೆ ಒಂದು ಬಾಟಲಿ ಇಟ್ಟು ನೋಡುವುದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುತ್ತಿಲ್ಲ. ನನಗೆ ಅವಕಾಶ ಸಿಕ್ಕರೆ ಮಾಡಬೇಕೆಂದಿರುವ ಕೆಲಸ ಅದು.

ನಿಮ್ಮ ಶಾಲೆಯಲ್ಲಿ ಡಿಎನ್‌ಎ ಓದಲು ಆಗದು, ಆದರೆ ಈ ವಿಜ್ಞಾನದ ಎರಡು ಮುಖ್ಯ ಕೆಲಸಗಳನ್ನು ಮಾಡಬಹುದು. ಒಬ್ಬ ವಿದ್ಯಾರ್ಥಿಯ ಅಂಗೈಗೆ ಅರಿಶಿನ ಹಚ್ಚಿ, ಕೈ ಕೊಡವಿಸಿ, ಬಾಟಲಿಗೆ ನೀರು ತುಂಬಿ ಮುಚ್ಚಳ ಹಾಕಿ ಪೆಟ್ಟಿಗೆಯಲ್ಲಿಡಲು ಹೇಳಿ. ಉಳಿದವರು ಬಿಳಿ ಬಟ್ಟೆ ಹಿಡಿದು ಅರಿಶಿನ ಎಲ್ಲೆಲ್ಲಿ ಅಂಟಿದೆ ಎಂದು ಒರೆಸಿ ನೋಡಲಿ. ಬಾಗಿಲ ಚಿಲಕದ ಮೇಲೆ, ಇನ್ನೊಬ್ಬನ ಅಂಗಿಯ ಮೇಲೆ ಸಿಗುತ್ತದೆ. ಕಣ್ಣಿಗೆ ಕಾಣುವ ಅರಿಶಿನವೇ ಹೀಗಾದರೆ ಕಾಣದ ಲೋಳೆಯ ಕಥೆ ಏನು ಎಂದು ಆಮೇಲೆ ಕೇಳಿ. ನಾವು ಒಂದು ಜಾಗ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಕೈಗವಸು ಬದಲಿಸುವುದು, ಬಾಟಲಿಗಳನ್ನು ಬ್ಲೀಚಿನಲ್ಲಿ ತೊಳೆಯುವುದು ಏಕೆಂದು ಆಗ ಹೇಳಿಕೊಡುವುದೇ ಬೇಡ.

ಎರಡನೆಯದು ಪಟ್ಟಿ. ಆ ಹುಡುಗಿಯ ತಾಯಿಯನ್ನೂ ಹೊಳೆಯಲ್ಲಿ ತೆಪ್ಪ ಹಾಕುವ ನಾಲ್ಕು ಜನರನ್ನೂ ಶಾಲೆಗೆ ಕರೆಯಿರಿ. ಅವರು ಈಗ ಹಿಡಿಯುವ, ಮಾರುವ ಮೀನುಗಳ ಹೆಸರು, ಹಿಂದೆ ಸಿಗುತ್ತಿದ್ದು ಈಗ ಸಿಗದವುಗಳ ಹೆಸರು, ಯಾವ ತಿಂಗಳಲ್ಲಿ, ಯಾವ ಮಡುವಿನಲ್ಲಿ ಎಂದು ಮಕ್ಕಳು ಬರೆದುಕೊಳ್ಳಲಿ. ಸಿಕ್ಕ ಮೀನನ್ನು ಅಳತೆಪಟ್ಟಿಯ ಪಕ್ಕದಲ್ಲಿಟ್ಟು ಮೊಬೈಲಿನಲ್ಲಿ ಚಿತ್ರ ತೆಗೆಯಲಿ, ದಿನಾಂಕ ಹಾಕಲಿ. ಕಡಲಿನಿಂದ ಮಂಜುಗಡ್ಡೆಯಲ್ಲಿ ಬಂದದ್ದು, ಕೆರೆಯಲ್ಲಿ ಸಾಕಿದ್ದು, ಹೊಳೆಯಲ್ಲಿ ಹಿಡಿದದ್ದು, ಈ ಮೂರನ್ನೂ ಬೇರೆಬೇರೆ ಬರೆಯಲಿ. ಮುಂದೆ ನಾವು ನಿಮ್ಮೂರಿನ ನೀರು ತೆಗೆಯಲು ಬಂದಾಗ ಮೋರಿ ಸೇರುವ ಜಾಗಕ್ಕಿಂತ ಮೇಲೆ ಒಂದು ಬಾಟಲಿ, ಕೆಳಗೆ ಒಂದು ಬಾಟಲಿ ತುಂಬುತ್ತೇವೆ. ಶುದ್ಧ ನೀರಿನ ಮೂರನೆಯ ಬಾಟಲಿಯನ್ನು ಆ ಹುಡುಗಿಯೇ ಹಿಡಿದುಕೊಳ್ಳಲಿ. ಆ ದಿನ ಬೆಳಿಗ್ಗೆ ಅವಳು ಮನೆಯಲ್ಲಿ ಮೀನು ಮುಟ್ಟಿರಬಾರದು ಎಂದು ಮೊದಲೇ ತಿಳಿಸಿಡಿ.